ನಮ್ಮ ಕಡೆ ಚಳಿಗಾಲದಲ್ಲಿ ಹೊಲ ಹಸಿರು, ಹಾಗಾದರೆ ಡಿಮೀಟರ್ ಅಳುವುದು ಯಾವಾಗ?

ಮಸ್ಕಿ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಮಸ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಗೆ ಪಾಠ ಮಾಡುತ್ತೇನೆ. ಋತುಗಳ ಪಾಠಕ್ಕೆ ಮೊದಲು, ಹಿಂದಿನ ಕಾಲದವರು ಇದಕ್ಕೆ ಏನು ಕಾರಣ ಕೊಡುತ್ತಿದ್ದರು ಎಂದು ತಿಳಿಸಿದರೆ ಮಕ್ಕಳಿಗೆ ಆಸಕ್ತಿ ಹುಟ್ಟೀತು ಎಂದು ಗ್ರೀಕರ ಪರ್ಸೆಫೊನಿ ಕಥೆಯನ್ನು ಆರಿಸಿಕೊಂಡೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಡಿಮೀಟರ್ ಬೆಳೆಯ ದೇವತೆ. ಅವಳ ಮಗಳು ಪರ್ಸೆಫೊನಿ ಗೆಳತಿಯರೊಂದಿಗೆ ಹೂ ಬಿಡಿಸುತ್ತಿದ್ದಾಗ ನೆಲ ಬಾಯ್ದೆರೆಯಿತು. ಪಾತಾಳದ ಒಡೆಯ ಹೇಡಿಸ್ ರಥದಲ್ಲಿ ಬಂದು ಹುಡುಗಿಯನ್ನು ಹೊತ್ತೊಯ್ದ. ತಾಯಿ ಎರಡೂ ಕೈಯಲ್ಲಿ ಪಂಜು ಹಿಡಿದು ಒಂಬತ್ತು ದಿನ ಊಟ ಸ್ನಾನ ಬಿಟ್ಟು ಅಲೆದಳು. ವಿಷಯ ತಿಳಿದ ಮೇಲೆ ಸಿಟ್ಟಿನಿಂದ ಬೆಳೆಯನ್ನೇ ನಿಲ್ಲಿಸಿದಳು. ದೇವರಾಜ ಜ್ಯೂಸ್ ಹೆದರಿ ಮಗಳನ್ನು ಬಿಡಿಸಿದ. ಅಷ್ಟರಲ್ಲಿ ಹೇಡಿಸ್ ಅವಳಿಗೆ ದಾಳಿಂಬೆ ಕಾಳು ತಿನ್ನಿಸಿದ್ದ. ಪಾತಾಳದ ಅನ್ನ ತಿಂದವಳು ಪೂರ್ತಿಯಾಗಿ ಮೇಲೆ ಬರುವಂತಿಲ್ಲ. ಹೀಗಾಗಿ ವರ್ಷದ ಸ್ವಲ್ಪ ಕಾಲ ಗಂಡನ ಬಳಿ, ಉಳಿದ ಕಾಲ ತಾಯಿಯ ಬಳಿ. ಅವಳು ಕೆಳಗಿರುವಾಗ ಚಳಿಗಾಲ, ಮೇಲೆ ಬಂದಾಗ ವಸಂತ.

ಕಥೆ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಅಕ್ಕಾವರೇ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ನಮ್ಮ ಹೊಲದ ಜೋಳ ನನಗಿಂತ ಎತ್ತರ ಇರುತ್ತದೆ. ಎಲ್ಲ ಒಣಗಿ ಬಿರುಕು ಬಿಡುವುದು ಬೇಸಿಗೆಯಲ್ಲಿ. ಆ ತಾಯಿ ನಮ್ಮ ಊರಿಗೆ ಯಾವಾಗ ಅಳುತ್ತಾಳೆ?"

ತರಗತಿ ನಕ್ಕಿತು. ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ. ಗ್ರೀಕರು ನಿಜವಾಗಿಯೂ ಚಳಿಗಾಲ ಎಂದೇ ಹೇಳಿದ್ದರೇ? ಒಂದು ಪುಸ್ತಕದಲ್ಲಿ ನಾಲ್ಕು ತಿಂಗಳು, ಇನ್ನೊಂದರಲ್ಲಿ ಆರು ತಿಂಗಳು ಎಂದಿದೆ. ಕಾಳುಗಳ ಸಂಖ್ಯೆಯೂ ಪುಸ್ತಕಕ್ಕೊಂದು. ಇದೊಂದೇ ಕಥೆಯೇ, ಬೇರೆಯೂ ಇವೆಯೇ? ಬಲ್ಲವರು ತಿಳಿಸಿ.

ಬಳ್ಳಾರಿ ವಿಜ್ಞಾನ ಮಾಸ್ತರ:

ಆ ಹುಡುಗನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿ.

ಮೊದಲು ನಿಜವಾದ ಕಾರಣ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಸೂರ್ಯ ನಮಗೆ ಹತ್ತಿರ ಬರುವುದಕ್ಕೂ ಬೇಸಿಗೆಗೂ ಸಂಬಂಧವಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ. ಅಥೆನ್ಸ್ ಇರುವುದು 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್‌ನ ಹಗಲು ಹೆಚ್ಚುಕಡಿಮೆ ಹದಿನೈದು ಗಂಟೆ, ಡಿಸೆಂಬರ್‌ನ ಹಗಲು ಒಂಬತ್ತೂವರೆ. ಬಳ್ಳಾರಿ 15 ಡಿಗ್ರಿಯಲ್ಲಿದೆ. ನಮ್ಮ ದೊಡ್ಡ ಹಗಲು ಹದಿಮೂರು ಗಂಟೆ, ಚಿಕ್ಕ ಹಗಲು ಹನ್ನೊಂದೂಕಾಲು. ಅಂದರೆ ನಮ್ಮ ವರ್ಷವನ್ನು ಭಾಗ ಮಾಡುವುದು ಬೆಳಕಲ್ಲ, ಮಳೆ ತರುವ ಗಾಳಿ. ಚಳಿಗಾಲದಲ್ಲಿ ಜೋಳ ಬೆಳೆಯುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಮಾತು. ಡಿಮೀಟರ್ ಅತ್ತರೆ ಇಡೀ ಭೂಮಿ ಒಟ್ಟಿಗೆ ಒಣಗಬೇಕು. ಗ್ರೀಸಿನಲ್ಲಿ ಚಳಿ ಇರುವಾಗ ಆಸ್ಟ್ರೇಲಿಯದಲ್ಲಿ ಬೇಸಿಗೆ. ಕಥೆ ಅಲ್ಲಿಗೆ ಮುಗ್ಗರಿಸುತ್ತದೆ.

ಕಥೆ ಬೇಡ ಎನ್ನುವುದಿಲ್ಲ. ಆದರೆ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿಸಿ, ಮಧ್ಯಾಹ್ನದ ನೆರಳನ್ನು ವಾರಕ್ಕೊಮ್ಮೆ ಅಳೆಸಿ. ನಮ್ಮ ಜಿಲ್ಲೆಗಳಲ್ಲಿ ಮೇ ಮೊದಲ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ನೆರಳು ಕೋಲಿನ ಬುಡಕ್ಕೆ ಸೇರಿಬಿಡುತ್ತದೆ. ಈ ಭಾಗ್ಯ ಗ್ರೀಕರಿಗಿಲ್ಲ, ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ.

ಬೀಜದಂಗಡಿ, ಕುಷ್ಟಗಿ:

ಮಾಸ್ತರರು ಆಕಾಶದ ಲೆಕ್ಕ ಒಪ್ಪಿಸಿದರು. ನೆಲದ ಲೆಕ್ಕವನ್ನು ನಾನು ಹೇಳುತ್ತೇನೆ. ಬೀಜ ಮಾರುವುದು ನನ್ನ ಕಸುಬು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಗ್ರೀಕರ ಪುರಾಣ ಓದುವುದು ಚಟ. ಬೇಸಿಗೆಯಲ್ಲಿ ಅಂಥ ಮಧ್ಯಾಹ್ನಗಳು ಬೇಕಾದಷ್ಟು.

ಅಕ್ಕನವರೇ, ಮಕ್ಕಳ ಪುಸ್ತಕಗಳಲ್ಲಿ ಡಿಮೀಟರ್ ಹಿಮದ ನಡುವೆ, ಎಲೆಯಿಲ್ಲದ ಮರದ ಕೆಳಗೆ ನಿಂತಿರುವ ಚಿತ್ರ ಇರುತ್ತದೆ. ಆ ಚಿತ್ರ ಕಂಡರೆ ನನಗೆ ರೇಗುತ್ತದೆ. ಆ ಹಿಮ ಉತ್ತರ ಯುರೋಪಿನದು. ಗ್ರೀಸಿನ ಬೆಟ್ಟಗಳ ಮೇಲೆ ಹಿಮ ಬೀಳುವುದು ನಿಜ. ಆದರೆ ಈ ಕಥೆ ನಡೆಯುವ ಎಲ್ಯೂಸಿಸ್ ಊರು ಅಥೆನ್ಸಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಸಮುದ್ರದ ದಂಡೆಯ ಬಯಲಿನಲ್ಲಿದೆ. ಅಥೆನ್ಸಿನಲ್ಲಿ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಬೀಳುತ್ತದೆ. ಜುಲೈ, ಆಗಸ್ಟ್ ಬಹುತೇಕ ಒಣ. ಹೀಗಾಗಿ ಅಲ್ಲಿಯ ರೈತ ಮೊದಲ ಮಳೆ ಬಿದ್ದ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಬಾರ್ಲಿ, ಗೋಧಿ ಬಿತ್ತುತ್ತಿದ್ದ. ಚಳಿಗಾಲ ಪೂರ್ತಿ ಹೊಲ ಹಸಿರು. ಮೇ, ಜೂನ್‌ನಲ್ಲಿ ಕೊಯ್ಲು. ಆಮೇಲೆ ನಾಲ್ಕು ತಿಂಗಳು ನೆಲ ಕಾದ ಹೆಂಚು.

ಇದು ನಮ್ಮ ಎರೆ ಹೊಲದ ಹಿಂಗಾರಿಯಲ್ಲದೆ ಇನ್ನೇನು? ಹುಬ್ಬಾ, ಉತ್ತರಾ ಮಳೆಗೆ ಜೋಳ ಬಿತ್ತುತ್ತೇವೆ, ಹಸ್ತಕ್ಕೆ ಕಡಲೆ. ಸಂಕ್ರಾಂತಿಯ ಆಚೀಚೆ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆ, ತಿನ್ನುತ್ತೇವೆ. ಫೆಬ್ರವರಿಯಲ್ಲಿ ಕೊಯ್ಲು, ನಂತರ ರೋಹಿಣಿ ಮಳೆಯವರೆಗೆ ಹೊಲದಲ್ಲಿ ಕಾಗೆಗೂ ಕೆಲಸವಿಲ್ಲ. ನಿಮ್ಮ ಹುಡುಗನ ಹೊಲವೂ ಎಲ್ಯೂಸಿಸ್‌ನ ಹೊಲವೂ ಡಿಸೆಂಬರ್‌ನಲ್ಲಿ ಒಂದೇ ಬಣ್ಣ. ಅವನು ಕೇಳಿದ ಪ್ರಶ್ನೆಯನ್ನು ಗ್ರೀಸಿನ ರೈತನ ಮಗನೂ ಕೇಳಬಹುದಿತ್ತು.

ಗ್ರೀಕರ ಬೇಸಾಯದ ಪಂಚಾಂಗವೂ ನಕ್ಷತ್ರದ್ದೇ. ಹೆಸಿಯೋಡ್ ಎಂಬ ಕವಿ ರೈತನಿಗೆ ಬುದ್ಧಿ ಹೇಳುವ ಕಾವ್ಯ ಬರೆದಿದ್ದಾನೆ. ಪ್ಲೀಯಡೀಸ್, ಅಂದರೆ ನಮ್ಮ ಕೃತ್ತಿಕೆ, ನಲವತ್ತು ಹಗಲು ನಲವತ್ತು ರಾತ್ರಿ ಕಣ್ಮರೆಯಾಗಿದ್ದು ಮತ್ತೆ ಬೆಳಗಿನ ಜಾವ ಮೂಡಿದಾಗ ಕುಡುಗೋಲು ಮಸೆ, ಅದೇ ನಕ್ಷತ್ರ ನಸುಕಿನಲ್ಲಿ ಮುಳುಗುವ ಕಾಲಕ್ಕೆ ನೇಗಿಲು ಹೂಡು ಎನ್ನುತ್ತಾನೆ. ಕೊಕ್ಕರೆಯಂತೆ ಕಾಣುವ ಕ್ರೌಂಚ ಪಕ್ಷಿಗಳು ಮೋಡದಿಂದ ಕೂಗಿದರೆ ಬಿತ್ತನೆಯ ಕಾಲ ಬಂತೆಂದು ತಿಳಿ ಎನ್ನುತ್ತಾನೆ. ನನ್ನ ಅಂಗಡಿಗೆ ಬರುವ ಹಿರಿಯರು ಈಗಲೂ ತಿಂಗಳ ಹೆಸರು ಹೇಳಿ ಬೀಜ ಕೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾರೆ. ಹೆಸಿಯೋಡ್ ಬಂದರೆ ಅವರ ಸಾಲಿನಲ್ಲೇ ಕಟ್ಟೆಯ ಮೇಲೆ ಕೂರಬಹುದು.

ಈಗ ಮುಖ್ಯ ವಿಷಯ. ಚಳಿಗಾಲದಲ್ಲಿ ಹೊಲ ಹಸಿರಾಗಿದ್ದರೆ ಮಗಳು ಪಾತಾಳದಲ್ಲಿರುವುದು ಯಾವಾಗ? ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಕೊಟ್ಟ ಉತ್ತರ: ಬೇಸಿಗೆಯಲ್ಲಿ. ಜೂನ್‌ನಲ್ಲಿ ರಾಶಿ ಮಾಡಿದ ಕಾಳನ್ನು ನೆಲದೊಳಗಿನ ಕುಣಿಯಲ್ಲಿ ಇಟ್ಟು, ಅಕ್ಟೋಬರ್‌ನಲ್ಲಿ ಬಿತ್ತನೆಗೆ ಹೊರತೆಗೆಯುತ್ತಿದ್ದರು. ಆ ನಾಲ್ಕು ತಿಂಗಳು ಪರ್ಸೆಫೊನಿ ಭೂಮಿಯ ಕೆಳಗೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ನಿಂತೆ. ಇದು ಹಗೇವು!

ಪಟ್ಟಣದ ಓದುಗರಿಗಾಗಿ: ಹಗೇವು ಎಂದರೆ ಮನೆಯ ಅಂಗಳದಲ್ಲೋ ಊರಿನ ಎತ್ತರದ ಗಟ್ಟಿ ನೆಲದಲ್ಲೋ ಬಾವಿಯಂತೆ ತೋಡಿದ ಕಣಜ. ಒಳಗೋಡೆಗೆ ಹುಲ್ಲು, ದಂಟು ಹಚ್ಚಿ ಜೋಳ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ನಮ್ಮ ಹಳೆಯ ಮನೆಯಲ್ಲಿ ಒಂದಿತ್ತು. ಅದರ ಬಾಯಿ ತೆರೆದ ದಿನ ಮಕ್ಕಳಾದ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನೆಲ್ಲ ಮುಗಿಸಿರುತ್ತದೆ, ಉಳಿಯುವುದು ಇಂಗಾಲದ ಡೈಆಕ್ಸೈಡ್. ಹುಳು ಬದುಕದೆ ಕಾಳು ಕೆಡದಿರುವುದು ಇದೇ ಕಾರಣಕ್ಕೆ, ಅವಸರದಲ್ಲಿ ಇಳಿದ ಮನುಷ್ಯ ಮೇಲೆ ಬಾರದಿರುವುದೂ ಇದೇ ಕಾರಣಕ್ಕೆ. ನಮ್ಮ ಭಾಗದಲ್ಲಿ ಹಾಗೆ ಸತ್ತವರ ಕಥೆ ಕೇಳದ ಊರಿಲ್ಲ.

ಬೆಳೆಯ ತಾಯಿಯ ಮಗಳನ್ನು ಸಾವಿನ ದೊರೆಗೆ ಏಕೆ ಮದುವೆ ಮಾಡಿದರು ಎಂದು ಯಾರಾದರೂ ಕೇಳಿದರೆ ನಾನು ಹಗೇವಿನ ಬಾಯಿ ತೋರಿಸುತ್ತೇನೆ. ಅನ್ನವನ್ನು ಕಾಯುವ ಜಾಗವೂ ಪ್ರಾಣ ತೆಗೆಯುವ ಜಾಗವೂ ಅಲ್ಲಿ ಒಂದೇ.

ಇದು ಬರೀ ಊಹೆ ಎನ್ನುವವರಿಗೆ ಕಲ್ಲಿನ ಸಾಕ್ಷಿಯೂ ಇದೆ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ಶಾಸನವೊಂದು, ರೈತರು ಬಾರ್ಲಿಯಲ್ಲಿ 600ರಲ್ಲಿ ಒಂದು ಪಾಲು, ಗೋಧಿಯಲ್ಲಿ 1200ರಲ್ಲಿ ಒಂದು ಪಾಲು ಎಲ್ಯೂಸಿಸ್‌ನ ತಾಯಿ ಮಗಳಿಗೆ ಒಪ್ಪಿಸಬೇಕು, ಅದನ್ನಿಡಲು ಹಿರಿಯರ ಪದ್ಧತಿಯಂತೆ ಮೂರು ಕುಣಿಗಳನ್ನು ಕಟ್ಟಬೇಕು ಎಂದು ಆಜ್ಞೆ ಮಾಡುತ್ತದೆ. ದೇವಸ್ಥಾನದ ಹಗೇವು!

ಆದ್ದರಿಂದ ಹುಡುಗನಿಗೆ ಹೇಳಿ: ಅವಳು ನಮ್ಮ ಕಡೆ ಮಾರ್ಚ್‌ನಲ್ಲಿ ಅಳಲು ಶುರು ಮಾಡುತ್ತಾಳೆ.

ಸಿರುಗುಪ್ಪ ಗದ್ದೆ:

ನಮ್ಮಲ್ಲಿ ಭತ್ತ. ಇಲ್ಲಿ ಡಿಮೀಟರ್ ಅಳುವುದು, ನಗುವುದು ತುಂಗಭದ್ರೆಯ ಕಾಲುವೆಗೆ ಯಾವ ತಾರೀಖಿಗೆ ನೀರು ಬಿಡುತ್ತಾರೆ ಎಂಬುದರ ಮೇಲೆ. ಎರಡನೆಯ ಬೆಳೆಗೆ ನೀರಿಲ್ಲ ಎಂದು ಸಭೆಯಲ್ಲಿ ತೀರ್ಮಾನವಾದರೆ ಪರ್ಸೆಫೊನಿ ಆರು ತಿಂಗಳು ಪಾತಾಳದಲ್ಲೇ. ಕಾಳು ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇತಿಹಾಸ ವಿದ್ಯಾರ್ಥಿ, ಬಳ್ಳಾರಿ:

ಮಸ್ಕಿಯಿಂದಲೇ ಗ್ರೀಕರ ಬಗ್ಗೆ ಪ್ರಶ್ನೆ ಬಂದದ್ದು ಸಂತೋಷ. ನಿಮ್ಮ ಊರಿನ ಬಂಡೆಯ ಮೇಲೆ ಶಾಸನ ಬರೆಸಿದ ಅಶೋಕನೇ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿಯೂ ಬರೆಸಿದ್ದಾನೆ.

ಬೀಜದಂಗಡಿಯ ಅಣ್ಣನವರ ವಾದ ಸೊಗಸಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ಈ ಕಥೆಯ ಅತ್ಯಂತ ಹಳೆಯ ಸಂಪೂರ್ಣ ರೂಪ ಇರುವುದು ಡಿಮೀಟರ್‌ಗೆ ಹಾಡಿದ ಹೋಮರನ ಹೆಸರಿನ ಸ್ತೋತ್ರದಲ್ಲಿ. ಕಾಲ ಕ್ರಿ.ಪೂ. 7ನೆಯ ಅಥವಾ 6ನೆಯ ಶತಮಾನ. ಅದರ ಹಸ್ತಪ್ರತಿ 1777ರಲ್ಲಿ ಮಾಸ್ಕೋದಲ್ಲಿ ಸಿಕ್ಕಿತು, ಅಲ್ಲಿಯವರೆಗೆ ಆಧುನಿಕ ಜಗತ್ತು ಅದನ್ನು ಓದಿಯೇ ಇರಲಿಲ್ಲ. ಆ ಸ್ತೋತ್ರ ಸ್ಪಷ್ಟವಾಗಿ ಹೇಳುತ್ತದೆ: ಭೂಮಿಯಲ್ಲಿ ವಸಂತದ ಪರಿಮಳದ ಹೂಗಳು ಅರಳಿದಾಗ ಮಗಳು ಕತ್ತಲಿನಿಂದ ಮೇಲೆ ಬರುತ್ತಾಳೆ. ವರ್ಷದ ಮೂರನೆಯ ಒಂದು ಭಾಗ ಕೆಳಗೆ, ಎರಡು ಭಾಗ ಮೇಲೆ. ವಸಂತದಲ್ಲಿ ಬರುವವಳು ಅದಕ್ಕೆ ಹಿಂದಿನ ನಾಲ್ಕು ತಿಂಗಳು, ಅಂದರೆ ಚಳಿಗಾಲದಲ್ಲೇ ಕೆಳಗಿರಬೇಕು. ಕುಣಿಯ ಕಾಳು ಮೇಲೆ ಬರುವುದು ಅಕ್ಟೋಬರ್‌ನಲ್ಲಿ. ಅದು ವಸಂತವಲ್ಲ.

ಹಳೆಯವರೇ ಕೊಟ್ಟ ಇನ್ನೊಂದು ಅರ್ಥವೂ ಇದೆ. ಕ್ರಿ.ಪೂ. 1ನೆಯ ಶತಮಾನದ ರೋಮನ್ ಲೇಖಕ ಸಿಸೆರೋ ದೇವತೆಗಳ ಬಗ್ಗೆ ಬರೆದ ಗ್ರಂಥದಲ್ಲಿ, ಈ ಮಗಳು ಎಂದರೆ ಬೆಳೆಯ ಬೀಜ, ಅದು ಮರೆಯಾದಾಗ ತಾಯಿ ಹುಡುಕುತ್ತಾಳೆ ಎಂಬ ವಿವರಣೆ ಬರುತ್ತದೆ. ಬಿತ್ತಿದ ಬೀಜ ಮಣ್ಣಿನಲ್ಲಿ ಮರೆಯಾಗಿರುವ ಕಾಲವೇ ಪಾತಾಳದ ಕಾಲ ಎಂದುಕೊಂಡರೆ ಕುಣಿ ಬೇಕಿಲ್ಲ.

ಸ್ತೋತ್ರದಲ್ಲಿ ಇನ್ನೊಂದನ್ನು ಗಮನಿಸಬೇಕು. ಎತ್ತುಗಳು ನೇಗಿಲನ್ನು ವ್ಯರ್ಥವಾಗಿ ಎಳೆದವು, ಬಿಳಿ ಬಾರ್ಲಿ ಸುಮ್ಮನೆ ಮಣ್ಣಿಗೆ ಬಿತ್ತು ಎಂಬ ಬರಗಾಲದ ವರ್ಣನೆ ಬರುವುದು ಒಂದೇ ಒಂದು ಸಲದ ಸಿಟ್ಟಿಗೆ. ಮಗಳು ಕೆಳಗೆ ಹೋದಾಗಲೆಲ್ಲ ಪ್ರತಿ ವರ್ಷ ಭೂಮಿ ಬಂಜೆಯಾಗುತ್ತದೆ ಎಂದು ಅದು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಋತುಗಳ ಲೆಕ್ಕವನ್ನು ಅಚ್ಚುಕಟ್ಟು ಮಾಡಿದವರು ನಂತರದವರು.

ತಿಂಗಳು ಮತ್ತು ಕಾಳುಗಳ ಗೊಂದಲಕ್ಕೆ ಉತ್ತರ: ಸ್ತೋತ್ರದಲ್ಲಿ ಒಂದೇ ಕಾಳು, ನಾಲ್ಕು ತಿಂಗಳು. ರೋಮನ್ ಕವಿ ಓವಿಡ್ ಎರಡು ಸಲ ಈ ಕಥೆ ಹೇಳುತ್ತಾನೆ. ರೂಪಾಂತರಗಳ ಕಾವ್ಯದಲ್ಲಿ ಏಳು ಕಾಳು, ಹಬ್ಬಗಳ ಕಾವ್ಯದಲ್ಲಿ ಮೂರು ಕಾಳು. ಎರಡರಲ್ಲೂ ಅವಧಿ ಆರು ತಿಂಗಳು. ಒಂದು ಕಾಳಿಗೆ ಒಂದು ತಿಂಗಳು ಎಂಬ ಲೆಕ್ಕ ಈ ಮೂರರಲ್ಲೂ ಇಲ್ಲ. ಓವಿಡ್ ಹೂ ಕೀಳುವ ಜಾಗವನ್ನೂ ಸಿಸಿಲಿ ದ್ವೀಪದ ಹೆನ್ನಾ ಪಟ್ಟಣದ ಕೆರೆಯ ದಂಡೆಗೆ ತರುತ್ತಾನೆ. ರೋಮಿಗೆ ಗೋಧಿ ಬರುತ್ತಿದ್ದುದು ಸಿಸಿಲಿಯಿಂದ, ಹೀಗಾಗಿ ಗೋಧಿಯ ತಾಯಿಯೂ ಅಲ್ಲಿಗೆ ಬಂದಳು.

ಬೀಜದಂಗಡಿ, ಕುಷ್ಟಗಿ:

ತಮ್ಮಾ, ವಸಂತದ ಸಾಲು ನನಗೂ ಗೊತ್ತು. ಆದರೆ ಅದೇ ಸ್ತೋತ್ರದಲ್ಲಿ ಹುಡುಗಿ ಅಪಹರಣವಾಗುವಾಗ ಬಯಲಿನಲ್ಲಿ ಏನಿದೆ ನೋಡು: ಗುಲಾಬಿ, ಕೇಸರಿ, ಐರಿಸ್, ಹಯಸಿಂತ್. ಹೋಗುವಾಗಲೂ ಹೂವು, ಬರುವಾಗಲೂ ಹೂವು. ಹಾಡು ಕಟ್ಟಿದವನಿಗೆ ಹೂವಿನ ಮೇಲೆ ಪ್ರೀತಿ, ಪಂಚಾಂಗದ ಮೇಲೆ ಅಲ್ಲ. ನಾನು ಹೇಳುತ್ತಿರುವುದು ಹಾಡು ಹುಟ್ಟುವ ಮುಂಚಿನ ರೈತರ ಮಾತು. ನಿನ್ನ ಗುರುಗಳು ನಿಲ್ಸನ್‌ನನ್ನು ಒಪ್ಪದಿದ್ದರೆ ಒಪ್ಪದಿರಲಿ, ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನೇ ಬರಿ.

ದಾಳಿಂಬೆ ತೋಟ, ಯಲಬುರ್ಗಾ:

ಕಾಳು ಎಷ್ಟು ಎಂದು ಜಗಳವಾಡುತ್ತಿದ್ದೀರಿ. ದಾಳಿಂಬೆಯೇ ಏಕೆ ಎಂದು ಯಾರೂ ಕೇಳಲಿಲ್ಲ. ದ್ರಾಕ್ಷಿ ಇತ್ತು, ಅಂಜೂರ ಇತ್ತು.

ನಾವು ದಾಳಿಂಬೆ ಬೆಳೆಯುವವರು. ನಮ್ಮ ಗಿಡಕ್ಕೆ ಋತುವನ್ನು ನಾವೇ ಕೊಡುತ್ತೇವೆ. ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂದು ಮೂರು. ಯಾವ ಬಹಾರ ಬೇಕೋ ಅದಕ್ಕೆ ಮುಂಚೆ ಹನಿ ನೀರಾವರಿ ಬಂದ್ ಮಾಡಿ ಗಿಡವನ್ನು ಒಣಗಿಸುತ್ತೇವೆ. ಎಲೆ ಉದುರುತ್ತದೆ, ಉದುರದಿದ್ದರೆ ಔಷಧಿ ಹೊಡೆದು ಉದುರಿಸುತ್ತೇವೆ. ಆಗ ತೋಟ ನೋಡಿದವರು ಸತ್ತೇ ಹೋಯಿತು ಎನ್ನುತ್ತಾರೆ. ಸವರುವಿಕೆ ಮುಗಿಸಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ, ಕೆಲವು ವಾರಗಳಲ್ಲಿ ಕೆಂಪು ಹೂವು. ಹೂವಾದ ಮೇಲೆ ಹಣ್ಣಿಗೆ ಐದಾರು ತಿಂಗಳು. ಅಳುವ ತಾಯಿಯ ಪಾಳಿ ನಮ್ಮಲ್ಲಿ ವಾಲ್ವ್ ತಿರುಗಿಸುವವರದು.

ಗ್ರೀಸಿನಲ್ಲಿ ದಾಳಿಂಬೆ ತಾನಾಗಿ ಹಣ್ಣಾಗುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಅಂದರೆ ಬಿತ್ತನೆಯ ಹೊತ್ತಿಗೆ ಸರಿಯಾಗಿ. ಆ ದಿನಗಳಲ್ಲೇ ಅಥೆನ್ಸಿನ ಹೆಂಗಸರು ಥೆಸ್ಮೊಫೋರಿಯ ಎಂಬ ಮೂರು ದಿನಗಳ ಹಬ್ಬ ಮಾಡುತ್ತಿದ್ದರಂತೆ. ಗಂಡಸರಿಗೆ ಪ್ರವೇಶವಿಲ್ಲ. ಒಂದು ದಿನ ಉಪವಾಸ, ನೆಲದ ಮೇಲೆ ಕೂರುವುದು. ಮೊದಲೇ ಕುಣಿಗೆ ಹಾಕಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಮೇಲೆ ತಂದು ಬಿತ್ತನೆ ಬೀಜದೊಂದಿಗೆ ಬೆರೆಸುತ್ತಿದ್ದರು. ಸೀಗಿ ಹುಣ್ಣಿಮೆಗೆ ಹೊಲದ ತಾಯಿ ಬಸುರಿ ಎಂದು ಬಯಕೆಯ ಬುತ್ತಿ ಕಟ್ಟಿಕೊಂಡು ಹೋಗುವವರು ನಾವು. ನಮ್ಮದು ಕಡುಬು ಹೋಳಿಗೆ, ಅವರದು ಹಂದಿಮರಿ. ಕಾಲ ಮಾತ್ರ ಅದೇ ಅಕ್ಟೋಬರ್. ಆ ಹಬ್ಬದಲ್ಲಿ ನೆಲಕ್ಕೆ ಬಿದ್ದ ದಾಳಿಂಬೆ ಕಾಳನ್ನು ಹೆಂಗಸರು ತಿನ್ನುತ್ತಿರಲಿಲ್ಲ. ನೆಲಕ್ಕೆ ಬಿದ್ದದ್ದು ಕೆಳಗಿನವರ ಪಾಲು.

ದುಂಡಾಣು ಅಂಗಮಾರಿ ಬಂದ ವರ್ಷ ನಮ್ಮ ತೋಟದಲ್ಲಿಯೂ ಎಲ್ಲ ಕೆಳಗಿನವರ ಪಾಲೇ ಆಗಿತ್ತು, ಆ ಮಾತು ಇಲ್ಲಿ ಬೇಡ.

ಮಸ್ಕಿ ಶಿಕ್ಷಕಿ:

ಎಲ್ಲರಿಗೂ ಧನ್ಯವಾದ. ಹುಡುಗನಿಗೆ ಹಗೇವಿನ ಉತ್ತರ ಹೇಳಿದೆ. ಅವರ ಮನೆಯಲ್ಲೂ ಹಗೇವು ಇತ್ತಂತೆ, ಈಗ ಅದರ ಮೇಲೆ ಶೌಚಾಲಯ ಕಟ್ಟಿದ್ದಾರಂತೆ.

ಈ ನಡುವೆ ಆ ಸ್ತೋತ್ರದ ಅನುವಾದವನ್ನು ಹುಡುಕಿ ಓದಿದೆ. ಓದಿದ ಮೇಲೆ ಬೇರೆಯೇ ಚಿಂತೆ ಶುರುವಾಗಿದೆ. ಮಗಳನ್ನು ಹೇಡಿಸ್‌ಗೆ ಕೊಡಲು ತಂದೆ ಜ್ಯೂಸ್ ಮೊದಲೇ ಒಪ್ಪಿದ್ದ, ತಾಯಿಗೆ ಮಾತ್ರ ತಿಳಿಸಿರಲಿಲ್ಲ. ಹೇಡಿಸ್ ಡಿಮೀಟರ್‌ಗೆ ಒಡಹುಟ್ಟಿದ ಅಣ್ಣತಮ್ಮನೇ ಆಗಬೇಕು, ಅಂದರೆ ಹುಡುಗಿಗೆ ಸೋದರಮಾವ. ಎಲ್ಲವನ್ನೂ ಕಂಡಿದ್ದ ಸೂರ್ಯದೇವ ಹೀಲಿಯಸ್ ತಾಯಿಗೆ ಹೇಳುವ ಸಮಾಧಾನ ಏನು ಗೊತ್ತೇ? ಅಳಬೇಡ, ವರ ಅನುರೂಪನೇ, ನಿನ್ನ ಒಡಹುಟ್ಟಿದವನೇ, ದೊಡ್ಡ ಆಸ್ತಿಯವನು.

ಈ ಮಾತನ್ನು ನಾನು ನಮ್ಮ ಊರಿನ ಕಟ್ಟೆಗಳಲ್ಲಿ ಕೇಳಿದ್ದೇನೆ. ನನ್ನ ತರಗತಿಯ ಹುಡುಗಿಯರಿಗೆ ಹನ್ನೆರಡು, ಹದಿಮೂರು ವಯಸ್ಸು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಯಾವ ಹುಡುಗಿ ಮರಳಿ ಬರುವುದಿಲ್ಲವೋ ಎಂಬ ಭಯ ನಮ್ಮಂಥ ಶಿಕ್ಷಕರಿಗೆ ಪ್ರತಿ ವರ್ಷದ್ದು. ಇಂಥ ಕಥೆಯನ್ನು ಋತುಮಾನದ ಸುಂದರ ಕಥೆ ಎಂದು ಹೇಗೆ ಹೇಳಲಿ? ಬದಲಿಗೆ ಬೇರೆ ಕಥೆ ಇದ್ದರೆ ಹೇಳಿ.

ದಾಳಿಂಬೆ ತೋಟ, ಯಲಬುರ್ಗಾ:

ಟೀಚರ್, ಬಿಡಬೇಡಿ, ಇದನ್ನೇ ಹೇಳಿ. ಹೀಲಿಯಸ್‌ನ ಮಾತನ್ನೂ ಸೇರಿಸಿ ಹೇಳಿ. ಅದನ್ನು ಕೇಳಿದ ಹುಡುಗಿಯರು ಯಾರ ಧ್ವನಿ ಎಂದು ತಕ್ಷಣ ಗುರುತಿಸುತ್ತಾರೆ. ಹದಿನೆಂಟರ ಕಾನೂನನ್ನೂ 1098 ಸಹಾಯವಾಣಿಯನ್ನೂ ಅದೇ ದಿನ ಕಪ್ಪುಹಲಗೆಯ ಮೇಲೆ ಬರೆಯಿರಿ. ನನ್ನನ್ನು ಹತ್ತನೆಯ ತರಗತಿಗೆ ಬಿಡಿಸಲು ಹೊರಟಾಗ ಮನೆಯಲ್ಲಿ ನಮ್ಮ ಅವ್ವ ಒಲೆ ಹಚ್ಚಲಿಲ್ಲ. ಇಡೀ ಮನೆ ಉಪವಾಸ. ಮೂರನೆಯ ದಿನಕ್ಕೆ ಅಪ್ಪ ಶಾಲೆಯ ಫೀಸು ಕಟ್ಟಿ ಬಂದರು.

ಬೀಜದಂಗಡಿ, ಕುಷ್ಟಗಿ:

ಯಲಬುರ್ಗಾದ ಅಕ್ಕನವರ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಡಿಮೀಟರ್ ಮಾಡಿದ್ದೂ ಅದನ್ನೇ. ಹೀಲಿಯಸ್‌ನ ಸಮಾಧಾನಕ್ಕೆ ಅವಳು ಒಪ್ಪಲಿಲ್ಲ. ಮುದುಕಿಯ ವೇಷದಲ್ಲಿ ಎಲ್ಯೂಸಿಸ್‌ಗೆ ಹೋಗಿ ಬಾವಿಯ ದಂಡೆಯಲ್ಲಿ ಕೂತಳು. ನೀರಿಗೆ ಬಂದ ರಾಜಕುಮಾರಿಯರು ಮನೆಗೆ ಕರೆದೊಯ್ದರು. ವೈನ್ ಕೊಟ್ಟರೆ ಬೇಡ ಎಂದು, ಬಾರ್ಲಿ ಹಿಟ್ಟನ್ನು ನೀರಿನಲ್ಲಿ ಕಲಸಿ ಪುದೀನ ಜಾತಿಯ ಸೊಪ್ಪು ಹಾಕಿದ ಅಂಬಲಿ ಕೇಳಿ ಕುಡಿದಳು. ದುಃಖದಲ್ಲಿ ಕಲ್ಲಾಗಿದ್ದವಳನ್ನು ನಗಿಸಿದ್ದು ಯಾಂಬೆ ಎಂಬ ಮನೆಗೆಲಸದವಳ ಚೇಷ್ಟೆಯ ಮಾತು. ಆಮೇಲೆ ತನ್ನ ಗುಡಿಯಲ್ಲಿ ಕೂತು ಬೆಳೆ ಬಂದ್ ಮಾಡಿದಳು. ಮನುಷ್ಯರು ಹಸಿದರು ಎಂಬುದಕ್ಕಿಂತ ದೇವರುಗಳಿಗೆ ನೈವೇದ್ಯ ನಿಂತಿತು ಎಂಬುದು ಜ್ಯೂಸ್‌ನನ್ನು ಬಗ್ಗಿಸಿತು. ಒಬ್ಬೊಬ್ಬರಾಗಿ ಎಲ್ಲ ದೇವರನ್ನೂ ಸಂಧಾನಕ್ಕೆ ಕಳಿಸಿದ, ಉಡುಗೊರೆ ಕಳಿಸಿದ. ಮಗಳನ್ನು ಕಣ್ಣಿನಿಂದ ನೋಡುವ ತನಕ ಏಳುವುದಿಲ್ಲ ಎಂದಳು. ಪೂರ್ತಿ ಗೆಲ್ಲಲಿಲ್ಲ ನಿಜ, ಹನ್ನೆರಡು ತಿಂಗಳಲ್ಲಿ ಎಂಟನ್ನು ಕಿತ್ತುಕೊಂಡಳು. ಕಥೆಯ ನಡುಗಂಬ ಈ ಮುಷ್ಕರವೇ. ಋತು ಅದರ ಒಪ್ಪಂದಪತ್ರ.

ಬೇರೆ ಕಥೆಗಳನ್ನು ಕೇಳಿದಿರಿ. ಋತುಗಳಿಗೇ ಹೋರೆಯರು ಎಂಬ ದೇವಿಯರಿದ್ದಾರೆ. ಹೋಮರನಲ್ಲಿ ಅವರು ಸ್ವರ್ಗದ ಬಾಗಿಲು ಕಾಯುತ್ತಾ ಮೋಡದ ಕದ ತೆರೆದು ಮುಚ್ಚುತ್ತಾರೆ. ಹೆಸಿಯೋಡ್ ಮೂವರ ಹೆಸರು ಕೊಡುತ್ತಾನೆ, ಅವು ಸುವ್ಯವಸ್ಥೆ, ನ್ಯಾಯ, ಶಾಂತಿ. ಕಥೆಯಾಗಿ ಹೇಳಲು ಅವರಲ್ಲಿ ಸರಕಿಲ್ಲ.

ಅಡೋನಿಸ್‌ನಲ್ಲಿ ಸರಕಿದೆ. ಚೆಲುವ ಹುಡುಗ. ಅವನಿಗಾಗಿ ಪರ್ಸೆಫೊನಿ ಮತ್ತು ಪ್ರೇಮದ ದೇವತೆ ಅಫ್ರೊಡೈಟಿ ಜಗಳವಾಡಿದಾಗ ಜ್ಯೂಸ್ ವರ್ಷವನ್ನು ಮೂರು ಪಾಲು ಮಾಡಿದ: ಒಂದು ಪಾತಾಳಕ್ಕೆ, ಒಂದು ಅಫ್ರೊಡೈಟಿಗೆ, ಒಂದು ಅವನ ಇಷ್ಟಕ್ಕೆ. ತನ್ನ ಪಾಲನ್ನೂ ಅವನು ಅಫ್ರೊಡೈಟಿಗೇ ಕೊಟ್ಟ. ಕೊನೆಗೆ ಕಾಡುಹಂದಿ ತಿವಿದು ಸತ್ತ. ಅವನಿಗಾಗಿ ಅಥೆನ್ಸಿನ ಹೆಂಗಸರು ಮಾಳಿಗೆ ಹತ್ತಿ ಅಳುತ್ತಿದ್ದರು. ಭಾದ್ರಪದದಲ್ಲಿ ಬುಟ್ಟಿಯ ಬೇವಿನ ಸೊಪ್ಪಿನ ನಡುವೆ ಕೂತು, ತುಟಿಗೆ ಬೆಣ್ಣೆ ಮೆತ್ತಿಸಿಕೊಂಡು ಮನೆಮನೆಗೆ ಬಂದು, ಹುಣ್ಣಿಮೆಗೆ ಸಾಯುವ ನಮ್ಮ ಜೋಕುಮಾರನನ್ನು ಬಲ್ಲ ಮಕ್ಕಳಿಗೆ ಅಡೋನಿಸ್‌ನ ಪರಿಚಯ ಮಾಡಿಸಬೇಕಿಲ್ಲ. ಇಬ್ಬರೂ ಒಂದೇ ಮೂಲದವರು ಎಂದು ನಾನು ಹೇಳುತ್ತಿಲ್ಲ, ವಿದ್ಯಾರ್ಥಿ ತಮ್ಮ ನನ್ನ ಮೇಲೆ ಏರಿ ಬರುವುದು ಬೇಡ. ಆದರೆ ಜೋಕುಮಾರ ಸತ್ತರೆ ಮಳೆ ಎನ್ನುತ್ತೇವೆ ನಾವು. ಅಡೋನಿಸ್ ಸತ್ತಾಗ ಅವರಲ್ಲಿ ಉರಿಬಿಸಿಲು.

ಆ ಹಬ್ಬಕ್ಕೆ ಹೆಂಗಸರು ಒಡೆದ ಮಡಕೆಗಳಲ್ಲಿ ಲೆಟ್ಯೂಸ್, ಸೋಂಪಿನ ಬೀಜ ಹಾಕಿ ಮಾಳಿಗೆಯ ಬಿಸಿಲಿಗಿಡುತ್ತಿದ್ದರು. ಬೇಗ ಮೊಳೆತು ಬೇಗ ಬಾಡುತ್ತಿದ್ದವು. ಅಡೋನಿಸ್‌ನ ತೋಟ ಎಂದು ಹೆಸರು. ತತ್ವಜ್ಞಾನಿ ಪ್ಲೇಟೋ ಒಂದು ಸಂಭಾಷಣೆಯಲ್ಲಿ, ಬುದ್ಧಿಯಿರುವ ರೈತ ಒಳ್ಳೆಯ ಬೀಜವನ್ನು ಎಂಟು ದಿನದ ಚೆಂದಕ್ಕಾಗಿ ಅಂಥ ತೋಟಕ್ಕೆ ಹಾಕುವನೇ ಎಂದು ಕೇಳಿಸುತ್ತಾನೆ. ನನ್ನ ಅಂಗಡಿಯ ಗೋಡೆಗೆ ಬರೆಸಬೇಕಾದ ಮಾತು.

ಮಾಸ್ತರರ ಕೋಲಿನ ಜೊತೆಗೆ ಇದನ್ನೂ ಮಾಡಿಸಿ. ಒಂದು ಮಡಕೆ ಡಿಸೆಂಬರ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ, ಎರಡೂ ಶಾಲೆಯ ಮಾಳಿಗೆಯ ಮೇಲೆ. ನೀರು ಒಂದೇ ಅಳತೆ. ಎಷ್ಟು ದಿನಕ್ಕೆ ಬಾಡಿತು ಎಂದು ಮಕ್ಕಳೇ ಬರೆದುಕೊಳ್ಳಲಿ. ಒಂದು ಎಚ್ಚರಿಕೆ: ಅಂಗಡಿಯ ಪಾಕೀಟಿನ ಬೀಜ ತರಿಸಬೇಡಿ, ಔಷಧಿ ಲೇಪಿಸಿರುತ್ತಾರೆ, ಮಕ್ಕಳು ಕೈ ಬಾಯಿಗೆ ಇಡುತ್ತಾರೆ. ಅಡುಗೆಮನೆಯ ಡಬ್ಬಿಯ ಮೆಂತ್ಯ ಸಾಕು.